ಹಾಸ್ಯನಟನ ಗಂಭೀರಪಾತ್ರ: ವೈಜನಾಥ ಬಿರಾದಾರರ ಈರ್ಯ

ಹಾಸ್ಯರಸವನ್ನು ಕುರಿತು ನಮ್ಮ ಕಾಲೇಜುಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಗ್ರಂಥಸ್ಥವಾದುದು. ಸ್ಮಿತ, ಹಸಿತ ಮೊದಲಾಗಿ ಭರತನು ಎಣಿಸಿದ ಆರು ಭೇದಗಳನ್ನೂ ಸಂಸ್ಕೃತ ನಾಟಕದ ವಿದೂಷಕನ ಲಕ್ಷಣಗಳನ್ನೂ ವಿದ್ಯಾರ್ಥಿಗಳು ತಡವರಿಸದೆ ಒಪ್ಪಿಸಬಲ್ಲರು. ಆದರೆ ಜನರನ್ನು ನಗಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡ ನಟನೊಬ್ಬನ ಕೆಲಸ ಎಂಥದು, ಆ ಕೆಲಸದಿಂದ ಅವನ ದೇಹಕ್ಕೂ ಮಾತಿಗೂ ಯಾವ ಬಗೆಯ ಶಿಕ್ಷಣ ದೊರೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಒಂದೇ ಒಂದು ಪಾತ್ರದ ಮೂಲಕ ವಿಚಾರಿಸಲು ಯತ್ನಿಸಿದೆ. ಆ ಪಾತ್ರವು ಹುಟ್ಟಿದ್ದು ಮಾನ್ವಿ ತಾಲ್ಲೂಕಿನ ಲೇಖಕರೊಬ್ಬರ ಕಥೆಯಲ್ಲಿ. ಅದಕ್ಕೆ ದೇಹವನ್ನು ಕೊಟ್ಟವರು ಬೀದರ ಜಿಲ್ಲೆಯ ಹಾಸ್ಯನಟರೊಬ್ಬರು.

ಮಾನ್ವಿ ತಾಲ್ಲೂಕಿನ ನುಗಡೋಣಿ ಗ್ರಾಮದವರಾಗಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಅಮರೇಶ ನುಗಡೋಣಿಯವರ ‘ಸವಾರಿ’ ಎಂಬ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ‘ಕನಸೆಂಬ ಕುದುರೆಯನೇರಿ’ ಎಂಬ ಚಲನಚಿತ್ರವನ್ನು ನಿರ್ದೇಶಿಸಿದರು. ಚಿತ್ರವು 2010ರಲ್ಲಿ ತೆರೆಕಂಡಿತು. ಕಥಾನಾಯಕನಾದ ಈರ್ಯನು ಊರ ಹೊರಗೆ ಹೆಂಡತಿ ರುದ್ರಿಯೊಡನೆ ವಾಸಿಸುವ, ಕುಣಿ ತೋಡುವ ಕೆಲಸದವನು. ಕನಸಿನಲ್ಲಿ ಸಿದ್ಧನು ಬಂದನೆಂದರೆ ಊರಿನಲ್ಲಿ ಒಂದು ಸಾವು ಸಂಭವಿಸಿತೆಂದೇ ಅವನ ನಂಬಿಕೆ. ಒಮ್ಮೆ ಸಿದ್ಧನು ಬರುತ್ತಾನೆ. ಊರಗೌಡರು ಬಹುಕಾಲದಿಂದ ಹಾಸಿಗೆ ಹಿಡಿದಿದ್ದಾರೆ. ಆದರೆ ಗೌಡರು ಇನ್ನೂ ಬದುಕಿದ್ದಾರೆಂದು ಈರ್ಯನಿಗೆ ಹೇಳಲಾಗುತ್ತದೆ. ವಾಸ್ತವವಾಗಿ ಗೌಡರು ತೀರಿಕೊಂಡಿದ್ದಾರೆ. ಆಸ್ತಿಯ ವ್ಯವಹಾರವೊಂದು ಮುಗಿಯುವವರೆಗೆ ಸಾವನ್ನು ಮುಚ್ಚಿಡಲಾಗಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಹೊಲದ ಬೆಲೆಯೂ ಮನೆತನಗಳ ಒಳಜಗಳವೂ ಜೊತೆಜೊತೆಯಾಗಿ ಏರಿದುದನ್ನು ಬಲ್ಲ ರಾಯಚೂರು ಸೀಮೆಯ ವಾಚಕರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗದು.

ಈರ್ಯನಾಗಿ ಅಭಿನಯಿಸಿದ ವೈಜನಾಥ ಬಿರಾದಾರರು ಅದುವರೆಗೆ ಕನ್ನಡ ಪ್ರೇಕ್ಷಕರಿಗೆ ಪರಿಚಿತರಾಗಿದ್ದುದು ಭಿಕ್ಷುಕ, ಕುಡುಕ, ಕಳ್ಳ, ಪೆದ್ದ ಮುಂತಾದ ಸಣ್ಣ ಪಾತ್ರಗಳಿಂದ. ಕೃಶವಾದ ದೇಹ, ಕುಳ್ಳನೆಯ ನಿಲುವು, ಬೀದರ ಕಡೆಯ ಉಚ್ಚಾರಣೆ ಇವು ಕಂಡೊಡನೆ ಪ್ರೇಕ್ಷಕರು ನಗಲು ಸಿದ್ಧರಾಗುತ್ತಿದ್ದರು. ಒಂದೆರಡು ದೃಶ್ಯಗಳಲ್ಲಿ ಬಂದು, ನಾಯಕನಿಂದಲೋ ಪೊಲೀಸನಿಂದಲೋ ಬೈಸಿಕೊಂಡು ಮರೆಯಾಗುವುದೇ ಇಂಥ ಪಾತ್ರಗಳ ಆಯುಷ್ಯ. ಇಷ್ಟು ಅಲ್ಪಾವಕಾಶದಲ್ಲಿ ಪ್ರೇಕ್ಷಕನ ನೆನಪಿನಲ್ಲಿ ನಿಲ್ಲಬೇಕಾದರೆ ನಟನಿಗೆ ಅಸಾಧಾರಣವಾದ ಮಿತವ್ಯಯವು ಬೇಕು. ನಾಯಕನಟನಿಗೆ ಮೂರು ದೃಶ್ಯಗಳು ಬೇಕಾಗುವ ಪರಿಚಯವನ್ನು ಇವನು ಬಾಗಿಲು ದಾಟುವುದರೊಳಗೆ ಮುಗಿಸಬೇಕು.

ಈ ಮಿತವ್ಯಯದ ಮೂಲವು ವೃತ್ತಿರಂಗಭೂಮಿಯಲ್ಲಿದೆ. ಕಂಪನಿ ನಾಟಕಗಳಲ್ಲಿ ಅಂಕದ ಪರದೆಯ ಹಿಂದೆ ಅರಮನೆಯನ್ನು ಕಳಚಿ ಅರಣ್ಯವನ್ನು ಕಟ್ಟುತ್ತಿರುವಾಗ, ಪರದೆಯ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯಗಾರರು ಜನರನ್ನು ಹಿಡಿದಿಡಬೇಕಾಗಿತ್ತು. ಒಳಗಿನ ಕೆಲಸ ತಡವಾದರೆ ಮಾತನ್ನು ಬೆಳೆಸಬೇಕು, ಬೇಗ ಮುಗಿದರೆ ಮೊಟಕುಗೊಳಿಸಬೇಕು, ನಗೆಯ ಅಲೆ ಇಳಿಯುವವರೆಗೆ ಮುಂದಿನ ಮಾತನ್ನು ತಡೆದುಕೊಳ್ಳಬೇಕು. ಕಾಯುವುದೇ ಅವರ ವಿದ್ಯೆ ಎಂದರೂ ಸಲ್ಲುತ್ತದೆ. ತಿಪಟೂರಿನಲ್ಲಿ 1923ರಲ್ಲಿ ಜನಿಸಿ, ಬಾಲ್ಯದಿಂದಲೇ ನಾಟಕ ಕಂಪನಿಗಳಲ್ಲಿ ಬೆಳೆದ ಟಿ. ಆರ್. ನರಸಿಂಹರಾಜು ಅವರು 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ತೆರೆಗೆ ತಂದದ್ದು ಈ ವಿದ್ಯೆಯನ್ನೇ. ಸ್ಟುಡಿಯೋದಲ್ಲಿ ನಗುವ ಜನರಿಲ್ಲ. ಇನ್ನೂ ಕೇಳಿಸದ ನಗೆಗೆ ಎಷ್ಟು ಬಿಡುವು ಕೊಡಬೇಕೆಂಬುದನ್ನು ನಟನು ಊಹಿಸಿಯೇ ಅಭಿನಯಿಸಬೇಕು. ನರಸಿಂಹರಾಜು ಅವರ ಈ ಊಹೆ ತಪ್ಪಿದ್ದು ಅಪರೂಪ. ಬಾಲ್ಯದಿಂದಲೇ ಕಿವಿ ಮಂದವಾಗಿದ್ದ ಟಿ. ಎನ್. ಬಾಲಕೃಷ್ಣರು ಎದುರಿನ ನಟನ ಮಾತು ಸರಿಯಾಗಿ ಕೇಳಿಸದೆಯೂ ಕಾಲವನ್ನು ತಪ್ಪದೆ ಉತ್ತರ ಕೊಡುತ್ತಿದ್ದುದು ಇನ್ನೂ ಹೆಚ್ಚಿನ ಸೋಜಿಗ.

ಹಳೆಯ ಮೈಸೂರಿನ ಈ ಹಿರಿಯರಿಗೆ ಇಲ್ಲದಿದ್ದ ಒಂದು ಹೊರೆ ಬಿರಾದಾರರ ಪಾಲಿಗೆ ಬಂತು. ಅದು ಭಾಷೆಯ ಹೊರೆ. ಮದರಾಸಿನ ಸ್ಟುಡಿಯೋಗಳಲ್ಲಿ ಬೆಳೆದು ಅನಂತರ ಬೆಂಗಳೂರಿಗೆ ಬಂದ ಕನ್ನಡ ಚಿತ್ರವು ಮೈಸೂರು ಸೀಮೆಯ ನುಡಿಯನ್ನು ನಾಯಕ ನಾಯಿಕೆಯರಿಗೆ ಕೊಟ್ಟು, ಉತ್ತರದ ನುಡಿಯನ್ನು ಹೆಚ್ಚಾಗಿ ಆಳುಕಾಳುಗಳಿಗೂ ಕುಡುಕರಿಗೂ ಮೀಸಲಿಟ್ಟಿತು. ಬೀದರ, ರಾಯಚೂರು, ಕಲಬುರಗಿ ಜಿಲ್ಲೆಗಳು 1956ರವರೆಗೆ ಹೈದರಾಬಾದು ಸಂಸ್ಥಾನಕ್ಕೂ ಬಳಿಕ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದು, ಅಲ್ಲಿಯ ಆಡುಮಾತಿನಲ್ಲಿ ಉರ್ದು, ಮರಾಠಿ, ತೆಲುಗುಗಳ ಸಂಪರ್ಕವು ಸಹಜವಾಗಿ ನೆಲೆಸಿತ್ತು. ತಾಯಿಯೊಡನೆ ಅಳುವುದಕ್ಕೂ ದೇವರೊಡನೆ ಜಗಳವಾಡುವುದಕ್ಕೂ ಬಳಸುವ ಈ ನುಡಿಯು ತೆರೆಯ ಮೇಲೆ ಬಂದೊಡನೆ ನಗೆಗೆ ಕಾರಣವಾಗುವುದೆಂದರೆ, ನಗಿಸಿದ್ದು ನಟನ ಕೌಶಲವೋ ಅಥವಾ ನಮ್ಮ ತಾತ್ಸಾರವೋ ಎಂದು ಶಂಕಿಸಬೇಕಾಗುತ್ತದೆ. ಮಾನ್ವಿಯ ಚಿತ್ರಮಂದಿರದಲ್ಲಿ ಕುಳಿತವನು ತನ್ನ ಮನೆಯ ಮಾತಿಗೆ ತಾನೇ ನಗಬೇಕಾಗಿ ಬರುವುದು ಸುಖದ ಸಂಗತಿಯಲ್ಲ.

ಕಾಸರವಳ್ಳಿಯವರು ಈ ಅಭ್ಯಾಸವನ್ನೇ ಚಿತ್ರದ ಅರ್ಥಕ್ಕೆ ಬಳಸಿಕೊಂಡರೆಂಬುದು ನನ್ನ ಅಭಿಪ್ರಾಯ. ಹಾಸ್ಯನಟನೆಂದರೆ ತೆರೆಯ ಮೇಲೆ ಯಾರೂ ಮನ್ನಿಸದ ವ್ಯಕ್ತಿ. ಅವನು ನಿಜವನ್ನು ಹೇಳಿದರೂ ಉಳಿದ ಪಾತ್ರಗಳು ಗದರಿಸುತ್ತವೆ, ಪ್ರೇಕ್ಷಕರು ನಗುತ್ತಾರೆ. ಈರ್ಯನ ಸಂಕಟವೂ ಅಕ್ಷರಶಃ ಇದೇ: ಅವನು ಹೇಳಿದ್ದು ಸತ್ಯ, ಆದರೆ ಅದನ್ನು ಸುಳ್ಳೆಂದು ಅವನಿಗೇ ನಂಬಿಸಲಾಗುತ್ತದೆ. ಘನವಾದ ಮುಖಭಾವದ ಪ್ರಸಿದ್ಧ ನಟನೊಬ್ಬನು ಈ ಪಾತ್ರವನ್ನು ವಹಿಸಿದ್ದರೆ ನಾವು ಮೊದಲ ದೃಶ್ಯದಲ್ಲಿಯೇ ಅವನ ಪಕ್ಷವನ್ನು ಹಿಡಿಯುತ್ತಿದ್ದೆವು. ಬಿರಾದಾರರನ್ನು ಕಂಡಾಗ ಹಾಗಾಗುವುದಿಲ್ಲ. ಬಹುಕಾಲದ ರೂಢಿಯಂತೆ ನಾವೂ ಸ್ವಲ್ಪ ಹೊತ್ತು ಅವನನ್ನು ಹಗುರವಾಗಿಯೇ ಕಾಣುತ್ತೇವೆ. ಚಿತ್ರವು ಅದೇ ಘಟನೆಗಳನ್ನು ಮೊದಲು ಈರ್ಯನ ಕಡೆಯಿಂದಲೂ ಬಳಿಕ ಗೌಡರ ಮನೆಯ ಕಡೆಯಿಂದಲೂ ತೋರಿಸುವುದರಿಂದ, ಎರಡನೆಯ ಸಲ ನೋಡುವಾಗ ನಮ್ಮ ತಪ್ಪು ನಮಗೇ ತಿಳಿಯುತ್ತದೆ. ಇಲ್ಲಿ ಬಿರಾದಾರರು ಹಾಸ್ಯಪಾತ್ರಗಳ ಉಪಕರಣಗಳನ್ನು ಬಿಟ್ಟುಕೊಟ್ಟಿಲ್ಲವೆಂಬುದು ಗಮನಾರ್ಹ. ಆ ಬಾಗಿದ ನಿಲುವು, ಮಾತಿಗೆ ಮುಂಚಿನ ಆ ತಡೆ ಹಿಂದಿನವೇ. ನಗೆಗಾಗಿ ಕಾಯುತ್ತಿದ್ದ ಬಿಡುವಿನಲ್ಲಿ ಈಗ ಯಾರೂ ನಗುವುದಿಲ್ಲ, ಅಷ್ಟೇ ವ್ಯತ್ಯಾಸ.

ರುದ್ರಿಯ ಪಾತ್ರವನ್ನು ಉಮಾಶ್ರೀಯವರಿಗೆ ಕೊಟ್ಟದ್ದನ್ನೂ ಇದರೊಡನೆ ಇಟ್ಟು ನೋಡಬೇಕು. ಅವರೂ ದೀರ್ಘಕಾಲ ಹಾಸ್ಯಪಾತ್ರಗಳಲ್ಲಿಯೇ ದುಡಿದವರು. ಕಾಸರವಳ್ಳಿಯವರದೇ ಆದ 2008ರ ‘ಗುಲಾಬಿ ಟಾಕೀಸು’ ಚಿತ್ರಕ್ಕಾಗಿ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದವರು.

ರಾಘವಾಂಕನ ಕಾವ್ಯವನ್ನು ಓದಿದವರಿಗೆ ಇಲ್ಲೊಂದು ಹೋಲಿಕೆ ಹೊಳೆಯದಿರದು. ಹುಣಸೂರು ಕೃಷ್ಣಮೂರ್ತಿಯವರ 1965ರ ‘ಸತ್ಯಹರಿಶ್ಚಂದ್ರ’ ಚಿತ್ರದಲ್ಲಿ ನರಸಿಂಹರಾಜು ಅವರು ನಕ್ಷತ್ರಿಕನಾಗಿ, ಸತ್ಯಕ್ಕಾಗಿ ಸುಡುಗಾಡು ಕಾಯಹೊರಟ ಅರಸನನ್ನು ಸಾಲಕ್ಕಾಗಿ ಕಾಡಿದರು. ಅಲ್ಲಿ ಸತ್ಯವು ಅರಸನದು, ಹಾಸ್ಯವು ಅವನನ್ನು ಪೀಡಿಸುವವನದು. ‘ಕನಸೆಂಬ ಕುದುರೆಯನೇರಿ’ಯಲ್ಲಿ ಹಾಸ್ಯನಟನೇ ಸುಡುಗಾಡಿನವನಾಗಿ, ಸತ್ಯವೂ ಅವನ ಪಾಲಿಗೇ ಬಂದಿದೆ. ಆದರೆ ಇವನನ್ನು ಕೈಹಿಡಿದೆತ್ತಲು ಕೊನೆಯಲ್ಲಿ ಯಾವ ವಿಶ್ವೇಶ್ವರನೂ ಪ್ರತ್ಯಕ್ಷನಾಗುವುದಿಲ್ಲ.

ಈ ಚಿತ್ರಕ್ಕೆ 2009ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರವೆಂಬ ಮನ್ನಣೆಯೂ, ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರ ಚಿತ್ರಕಥೆಗೆ ಪ್ರಶಸ್ತಿಯೂ ದೊರೆತವು. ಬಿರಾದಾರರಿಗೆ 2011ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿ ಬಂತು. ಅವರ ಉಚ್ಚಾರಣೆಯ ವಿಚಿತ್ರವನ್ನು ಅರಿಯದ, ಅದಕ್ಕೆ ನಕ್ಕು ರೂಢಿಯಿಲ್ಲದ ಜನ ಅವರನ್ನು ಬರಿಯ ನಟನನ್ನಾಗಿ ಕಂಡರು. ಮುಂದೆ 2023ರಲ್ಲಿ, ಅವರ ಐನೂರನೆಯ ಚಿತ್ರವೆಂದು ಪ್ರಚಾರ ಪಡೆದು ಅವರನ್ನೇ ನಾಯಕನನ್ನಾಗಿ ಮಾಡಿಕೊಂಡ ಚಿತ್ರವೊಂದು ಬಿಡುಗಡೆಯಾಯಿತು. ಅದರ ಹೆಸರು ‘90 ಹೊಡಿ ಮನೀಗ್ ನಡಿ’. ಉತ್ತರದ ನುಡಿಯೂ ಮದ್ಯದ ಅಳತೆಯೂ ಆ ಹೆಸರಿನಲ್ಲಿಯೇ ಮತ್ತೆ ಒಟ್ಟುಗೂಡಿವೆ.