ಡೂಕ್: ಬಣ್ಣದ ಮುಸುವ

ಆಂಗ್ಲ ಭಾಷೆಯ ದೊಡ್ಡ ನಿಘಂಟುಗಳಲ್ಲಿ ‘ಡೂಕ್’ ಎಂಬ ಪುಟ್ಟ ಪದವೊಂದಿದೆ. ನಿತ್ಯದ ಮಾತಿನಲ್ಲಾಗಲಿ, ಪಠ್ಯಪುಸ್ತಕಗಳಲ್ಲಾಗಲಿ ಅದು ಕಾಣಸಿಗುವುದು ವಿರಳ. ನಿಘಂಟು ಅದಕ್ಕೆ ನೀಡುವ ಅರ್ಥ ಒಂದೇ ಸಾಲಿನದು: ಎಲೆ ತಿಂದು ಬದುಕುವ, ಬಣ್ಣಬಣ್ಣದ ಒಂದು ಬಗೆಯ ಕೋತಿ. ಆದರೆ ಆ ಒಂದು ಸಾಲಿನ ಹಿಂದೆ ದೂರದ ಕಾಡೊಂದರ ಕಥೆಯೂ, ಅಳಿವಿನ ಅಂಚಿಗೆ ಬಂದು ನಿಂತ ಜೀವಸಂತತಿಯೊಂದರ ವ್ಯಥೆಯೂ ಅಡಗಿದೆ.

ಈ ಪದವನ್ನು ಯುರೋಪಿನ ವಿದ್ವಲ್ಲೋಕಕ್ಕೆ ಪರಿಚಯಿಸಿದವನು ಫ್ರಾನ್ಸಿನ ಪ್ರಕೃತಿವಿಜ್ಞಾನಿ ಬುಫೋನ್. 1766ರಲ್ಲಿ ಪ್ರಕಟವಾದ ತನ್ನ ಗ್ರಂಥಸಂಪುಟದಲ್ಲಿ ಆತ ಇದನ್ನು ಬಳಸಿದನು. ಯುರೋಪಿಯನ್ನರು ಆಗ ಕೊಚಿನ್‌ಚೀನಾ ಎಂದು ಕರೆಯುತ್ತಿದ್ದ, ಇಂದು ವಿಯೆಟ್ನಾಮಿಗೆ ಸೇರಿರುವ ಪ್ರದೇಶದ ಹೆಸರಿದು. ಕೇರಳದ ಕೊಚ್ಚಿಗೂ ಇದಕ್ಕೂ ಸಂಬಂಧವಿಲ್ಲ. 1771ರಲ್ಲಿ ಲಿನೇಯಸ್ ಈ ಪ್ರಾಣಿಗೆ ಶಾಸ್ತ್ರೀಯ ನಾಮಕರಣ ಮಾಡಿದನು. ಇಂದು ಅದರ ಪೂರ್ಣ ನಾಮಧೇಯ ಪೈಗಾಥ್ರಿಕ್ಸ್ ನೆಮೇಯಸ್.

ಪ್ರಾಣಿಲೋಕದಲ್ಲಿ ಇಂತಹ ವೇಷಭೂಷಣ ಅಪರೂಪ. ಹೊಂಬಣ್ಣದ ಮುಖ, ಅದರ ಸುತ್ತ ಬಿಳಿಯ ಗಡ್ಡಮೀಸೆ, ಬೂದು ಬಣ್ಣದ ಮೈ, ಕಪ್ಪು ತೊಡೆಗಳು, ಮೊಣಕಾಲಿನಿಂದ ಕೆಳಗೆ ಕೆಂಗಂದು ಬಣ್ಣ, ಮುಂಗೈಗಳಲ್ಲಿ ಬಿಳುಪು, ಉದ್ದನೆಯ ಬಿಳಿ ಬಾಲ. ಕಾಲುಚೀಲ ತೊಟ್ಟು ಮರದ ಮೇಲೆ ಕುಳಿತ ವೇಷಧಾರಿಯಂತೆ ಇದು ತೋರುತ್ತದೆ. ಇದರ ಬಂಧುಗಳಾದ ಇನ್ನೆರಡು ಪ್ರಭೇದಗಳಿವೆ: ಕಪ್ಪು ಕಾಲಿನದು ಮತ್ತು ಬೂದು ಕಾಲಿನದು. ಬೂದು ಕಾಲಿನದನ್ನು ವಿಜ್ಞಾನಿಗಳು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟದ್ದು 1997ರಲ್ಲಿ. ವಿಯೆಟ್ನಾಂ, ಲಾವೋಸ್ ಮತ್ತು ಕಾಂಬೋಡಿಯಾಗಳ ಕಾಡುಗಳೇ ಈ ಕುಲದ ನೆಲೆ.

ಕರ್ನಾಟಕದ ಊರುಗುಡಿಗಳಲ್ಲೂ ಮಾವಿನ ತೋಪುಗಳಲ್ಲೂ ಕಾಣುವ ಕಪ್ಪು ಮೋರೆಯ ಮುಸುವ ಈ ಡೂಕಿನ ದಾಯಾದಿ. ಎರಡೂ ಎಲೆ ತಿನ್ನುವ ಕೋತಿಗಳ ಒಂದೇ ಉಪಕುಟುಂಬಕ್ಕೆ ಸೇರಿವೆ. ಎಲೆಯಲ್ಲಿರುವ ನಾರನ್ನು ಜೀರ್ಣಿಸಿಕೊಳ್ಳುವುದು ಸಾಮಾನ್ಯ ಉದರಕ್ಕೆ ಸಾಧ್ಯವಿಲ್ಲ. ಅದಕ್ಕೆಂದೇ ಇವುಗಳ ಜಠರ ಹಲವು ಕೋಣೆಗಳಾಗಿ ವಿಭಾಗಗೊಂಡಿದೆ. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಎಲೆಯನ್ನು ಹುದುಗಿಸಿ, ಪ್ರಾಣಿಗೆ ದಕ್ಕುವ ಆಹಾರವನ್ನಾಗಿ ಮಾಡುತ್ತವೆ. ಹಸುವಿನ ಹೊಟ್ಟೆಯಲ್ಲಿ ನಡೆಯುವ ಕ್ರಿಯೆಯನ್ನು ಇದು ಹೋಲುತ್ತದೆಯಾದರೂ ಡೂಕ್ ದನದಂತೆ ಮೆಲುಕು ಹಾಕುವುದನ್ನೇ ಅವಲಂಬಿಸಿಲ್ಲ. ಚಿಗುರೆಲೆಗಳೇ ಅದಕ್ಕೆ ಪ್ರಿಯ. ಹೂವು, ಮೊಗ್ಗು, ಬೀಜ, ಕಾಯಿಗಳೂ ಆಹಾರವೇ. ಆಹಾರದಲ್ಲಿ ಹಠಾತ್ ಬದಲಾವಣೆಯಾದರೆ ಈ ಸೂಕ್ಷ್ಮ ವ್ಯವಸ್ಥೆ ಕೆಡುತ್ತದೆ. ಆದ್ದರಿಂದಲೇ ಪ್ರಾಣಿಸಂಗ್ರಹಾಲಯಗಳಲ್ಲಿ ಡೂಕನ್ನು ಸಾಕುವುದು ಬಹು ಕಠಿಣ.

ಹೀಗೆ ಮರವನ್ನೇ ನಂಬಿದ ಪ್ರಾಣಿಗೆ ಮರ ಹೋದರೆ ಬದುಕಿಲ್ಲ. ವಿಯೆಟ್ನಾಂ ಯುದ್ಧದಲ್ಲಿ, 1961ರಿಂದ 1971ರವರೆಗೆ, ಎಲೆಯುದುರಿಸುವ ರಾಸಾಯನಿಕಗಳನ್ನು ವಿಮಾನಗಳಿಂದ ಅಪಾರ ಪ್ರಮಾಣದಲ್ಲಿ ಸಿಂಪಡಿಸಲಾಯಿತು. ಯುದ್ಧ ಮುಗಿದರೂ ಆಪತ್ತು ಮುಗಿಯಲಿಲ್ಲ. ಮಾಂಸಕ್ಕಾಗಿ, ನಾಟಿ ಔಷಧಿಗಾಗಿ ನಡೆಯುವ ಬೇಟೆ ಹಾಗೂ ಕಾಡಿನ ನಾಶ ಮುಂದುವರಿದವು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಮೂರೂ ಪ್ರಭೇದಗಳನ್ನು ಅತ್ಯಂತ ಗಂಡಾಂತರದ ಶ್ರೇಣಿಯಲ್ಲಿ ಇರಿಸಿದೆ.

ಆಶಾಕಿರಣಗಳೂ ಇಲ್ಲದಿಲ್ಲ. 1993ರಲ್ಲಿ ವಿಯೆಟ್ನಾಮಿನ ಕುಕ್ ಫುವಾಂಗ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಥಾಪನೆಯಾದ ರಕ್ಷಣಾಕೇಂದ್ರವು ಬೇಟೆಗಾರರ ಕೈಯಿಂದ ಬಿಡಿಸಿದ ಕೋತಿಗಳನ್ನು ಸಲಹುತ್ತಿದೆ. ದಾನಾಂಗ್ ನಗರದ ಬದಿಯ ಸೋನ್ ತ್ರಾ ಪರ್ಯಾಯದ್ವೀಪದ ಕಾಡಿನಲ್ಲಿ ಕೆಂಗಾಲಿನ ಡೂಕುಗಳು ಇಂದಿಗೂ ಸ್ವಚ್ಛಂದವಾಗಿ ಜೀವಿಸುತ್ತಿವೆ.

ಒಂದು ಪದವನ್ನು ಕಾಪಾಡಲು ನಿಘಂಟು ಸಾಕು; ಆ ಪದ ಸೂಚಿಸುವ ಜೀವವನ್ನು ಕಾಪಾಡಲು ಕಾಡೇ ಬೇಕು. ಹೆಸರು ಉಳಿದು ಹೆಸರಿನ ಒಡೆಯನೇ ಇಲ್ಲವಾದರೆ, ಮುಂದಿನ ಪೀಳಿಗೆಯ ವಿದ್ಯಾರ್ಥಿಗೆ ದೊರೆಯುವುದು ಅರ್ಥ ಮಾತ್ರ, ಅನುಭವವಲ್ಲ.