ನಡುದನಿಯ ಮಹಾ ಹಾಡುಗಾರ

ಶುಭ ಶುಕ್ರವಾರದಂದು ಪ್ರಭು ಯೇಸುವಿನ ಪಾಡುಗಳ ಕಥನವನ್ನು ಮೂವರು ಹಂಚಿಕೊಂಡು ಓದುವುದನ್ನೋ ಹಾಡುವುದನ್ನೋ ನಾವೆಲ್ಲ ಕೇಳಿದ್ದೇವೆ. ಕಥೆ ಹೇಳುವವರು ಒಬ್ಬರು, ಜನರ ಗುಂಪಿನ ಮಾತು ಇನ್ನೊಬ್ಬರದು, ಕ್ರಿಸ್ತರ ಮಾತು ಮತ್ತೊಬ್ಬರದು. ಲತೀನಿನಲ್ಲಿ ಹಾಡುತ್ತಿದ್ದ ಕಾಲದಿಂದಲೂ ಕ್ರಿಸ್ತರ ಮಾತನ್ನು ತಗ್ಗಿನ, ಗಂಭೀರವಾದ ದನಿಗೇ ಬಿಟ್ಟುಕೊಡುವುದು ಪದ್ಧತಿ.

ಆದರೆ ನಮ್ಮ ಗಾಯನ ವೃಂದಗಳಲ್ಲಿ ಆಗುತ್ತಿರುವುದೇನು? ಹನ್ನೆರಡು ವರ್ಷದವರೆಗೆ ಚೆನ್ನಾಗಿ ಹಾಡುತ್ತಿದ್ದ ಹುಡುಗನಿಗೆ ದನಿ ಒಡೆಯಿತೆಂದರೆ ಮುಗಿಯಿತು. "ನಿನ್ನ ದನಿ ಕೆಟ್ಟುಹೋಯಿತಪ್ಪಾ" ಎಂದು ಯಾರೋ ನಗುತ್ತಾರೆ. ಹುಡುಗ ಮುಂದಿನ ಭಾನುವಾರ ಹಿಂದಿನ ಬಾಗಿಲ ಬಳಿ ನಿಲ್ಲುತ್ತಾನೆ. ಆಮೇಲೆ ಹಾಡುವುದನ್ನೇ ಬಿಡುತ್ತಾನೆ. ಸೇಲಂ, ಧರ್ಮಪುರಿ ಸೀಮೆಯ ನಮ್ಮ ಕನ್ನಡ ಮನೆಗಳ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ. ಕನ್ನಡವನ್ನು ಬಾಯಿತುಂಬ ಆಡುವುದು ಮನೆಯಲ್ಲಿ ಮತ್ತು ಹಾಡಿನಲ್ಲಿ. ಹಾಡು ಬಿಟ್ಟರೆ ಹುಡುಗನ ಜೊತೆ ಭಾಷೆಯೂ ಒಂದಿಷ್ಟು ದೂರವಾಗುತ್ತದೆ. ಆದ್ದರಿಂದ ಈ ಸಲ ಅಂಥ ದನಿಯ ಒಬ್ಬ ದೊಡ್ಡ ಹಾಡುಗಾರರನ್ನು ನಮ್ಮ ಕುಟುಂಬಗಳಿಗೆ ಪರಿಚಯಿಸಲು ಬಯಸುತ್ತೇವೆ.

ಗಂಡಸರ ದನಿಯಲ್ಲಿ ಎತ್ತರದ್ದನ್ನು ಟೆನರ್ ಎಂದೂ ತೀರ ತಗ್ಗಿನದನ್ನು ಬಾಸ್ ಎಂದೂ ಕರೆಯುತ್ತಾರೆ. ಇವೆರಡರ ನಡುವಿನದು ಬ್ಯಾರಿಟೋನ್. ಹೆಚ್ಚಿನ ಗಂಡಸರದು ಈ ನಡುದನಿಯೇ. ಇಂಥ ದನಿಯಿಂದ ಲೋಕವನ್ನೇ ಗೆದ್ದವರು ಜರ್ಮನಿಯ ಡೀಟ್ರಿಖ್ ಫಿಷರ್-ಡೀಸ್ಕೌ.

ಬಾಂಬಿನ ನಡುವೆ ಮೊದಲ ಹಾಡು

ಅವರು ಹುಟ್ಟಿದ್ದು 1925ರ ಮೇ 28ರಂದು, ಬರ್ಲಿನ್ ನಗರದಲ್ಲಿ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ತಾಯಿಯೂ ಶಿಕ್ಷಕಿ. ಮಗ ಹನ್ನೆರಡು ವರ್ಷದವನಿದ್ದಾಗಲೇ ತಂದೆ ತೀರಿಕೊಂಡರು. 1943ರಲ್ಲಿ, ಇನ್ನೂ ಹದಿನೇಳರ ಹುಡುಗ, ಶೂಬರ್ಟ್ ರಚಿಸಿದ 'ಚಳಿಗಾಲದ ಪಯಣ' ಎಂಬ 24 ಹಾಡುಗಳ ಮಾಲೆಯನ್ನು ಬರ್ಲಿನ್ನಿನ ಒಂದು ಸಭಾಂಗಣದಲ್ಲಿ ಹಾಡುತ್ತಿದ್ದ. ನಡುವೆ ವಿಮಾನ ದಾಳಿಯಾಯಿತು. ಹಾಡುವವನೂ ಕೇಳುವವರೂ ನೆಲಮಾಳಿಗೆಗೆ ಓಡಿದರು. ದಾಳಿ ನಿಂತ ಮೇಲೆ ಜನ ಮರಳಿ ಬಂದು ಕುಳಿತರು. ಹುಡುಗ ಉಳಿದ ಹಾಡುಗಳನ್ನು ಮುಗಿಸಿದ.

ಅದೇ ವರ್ಷ ಸೈನ್ಯಕ್ಕೆ ಕರೆ ಬಂತು. ರಷ್ಯಾದ ರಣರಂಗದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಇತ್ತ ಅಂಗವಿಕಲನಾಗಿದ್ದ ಸಹೋದರ ಮಾರ್ಟಿನ್‌ನನ್ನು ನಾಜಿಗಳು ಒಂದು ಆಶ್ರಯಧಾಮಕ್ಕೆ ಒಯ್ದು, ಅನ್ನವಿಲ್ಲದೆ ಸಾಯುವಂತೆ ಮಾಡಿದರು. ಯಾವ ಸರ್ಕಾರಕ್ಕಾಗಿ ಒಬ್ಬ ಮಗ ಸೈನಿಕನ ಉಡುಪು ತೊಟ್ಟಿದ್ದನೋ ಆ ಸರ್ಕಾರವೇ ಮನೆಯ ಮಗನನ್ನು ಕೊಂದಿತ್ತು. 1945ರಲ್ಲಿ ಇಟಲಿಯಲ್ಲಿ ಅಮೆರಿಕನ್ನರ ಕೈಗೆ ಸೆರೆಸಿಕ್ಕ ಅವರು ಎರಡು ವರ್ಷ ಯುದ್ಧಕೈದಿಯಾಗಿದ್ದರು. ಊರು ನೆನೆದು ಕೊರಗುತ್ತಿದ್ದ ಜೊತೆ ಕೈದಿಗಳಿಗೆ ಶಿಬಿರದಲ್ಲಿ ಹಾಡಿ ತೋರಿಸುತ್ತಿದ್ದರು. ಗಾಯನ ಜೀವನದ ನಿಜವಾದ ತಾಲೀಮು ಅಲ್ಲೇ ನಡೆಯಿತೆನ್ನಬಹುದು.

1947ರಲ್ಲಿ ಊರಿಗೆ ಮರಳಿದವರಿಗೆ, ಹಾಡಬೇಕಾದ ಒಬ್ಬರು ಬರಲಾಗದೆ ಹೋದಾಗ, ಬ್ರಾಮ್ಸ್ ರಚಿಸಿದ 'ಜರ್ಮನ್ ರೆಕ್ವಿಯಂ' ಹಾಡುವ ಅವಕಾಶ ಸಿಕ್ಕಿತು. ಅಭ್ಯಾಸಕ್ಕೂ ಸಮಯವಿರಲಿಲ್ಲ. ಮರುವರ್ಷವೇ ಬರ್ಲಿನ್ನಿನ ನಗರ ಒಪೆರಾದಲ್ಲಿ ವರ್ದಿಯ 'ಡಾನ್ ಕಾರ್ಲೋಸ್' ನಾಟಕದ ಮುಖ್ಯ ಪಾತ್ರವೊಂದು ದೊರೆಯಿತು.

ಒಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಹಳ್ಳಿಗಳಲ್ಲಿ ಇರುಳಿಡೀ ನಡೆಯುವ ತೆರುಕ್ಕೂತ್ತನ್ನು ನೆನೆದುಕೊಳ್ಳಿ. ಅಲ್ಲಿಯೂ ವೇಷ, ಕುಣಿತ, ಕಥೆ ಎಲ್ಲವನ್ನೂ ಹಾಡೇ ಹೊತ್ತು ನಡೆಯುತ್ತದೆ. ಆದರೆ ಒಪೆರಾ ಹಾಡುಗಾರರು ಮೈಕ್ ಇಲ್ಲದೆಯೇ ದೊಡ್ಡ ವಾದ್ಯವೃಂದವನ್ನು ಮೀರಿ ಕಡೆಯ ಸಾಲಿಗೂ ಕೇಳುವಂತೆ ಹಾಡಬೇಕು. ಕಛೇರಿಯ ಹಾಡು ಬೇರೆ. ಅಲ್ಲಿ ವೇಷವಿಲ್ಲ, ಒಂದು ಪಿಯಾನೋ ಮಾತ್ರ; ಪಿಸುಮಾತಿಗೂ ಬೆಲೆಯುಂಟು. ಎರಡರಲ್ಲೂ ಗೆದ್ದವರು ಅಪರೂಪ. ಫಿಷರ್-ಡೀಸ್ಕೌ ಮೋಟ್ಸಾರ್ಟ್, ವರ್ದಿ, ವಾಗ್ನರ್ ಅವರ ನಾಟಕಗಳಲ್ಲಿ ಹಾಡಿದರು; ಶೂಬರ್ಟ್ ಅವರ ನೂರಾರು ಗೀತೆಗಳನ್ನು ಜೆರಾಲ್ಡ್ ಮೂರ್ ಅವರ ಪಿಯಾನೋದೊಂದಿಗೆ ಧ್ವನಿಮುದ್ರಿಸಿದರು; ಬಾಖ್ ರಚಿಸಿದ 'ಮತ್ತಾಯನ ಪ್ರಕಾರ ಪಾಡುಗಳು' ಕೃತಿಯಲ್ಲಿ ಕ್ರಿಸ್ತರ ಮಾತುಗಳನ್ನು ಹಾಡಿದರು.

ಮೈಸೂರಿನ ನಂಟು

ಇವರ ಕಥೆಯಲ್ಲಿ ನಮ್ಮ ನೆಲದ ಒಂದು ಎಳೆಯೂ ಇದೆ. 1792ರವರೆಗೆ ನಮ್ಮ ಬಾರಾಮಹಲ್ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತಲ್ಲವೇ? ಆ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಸಂಗೀತವನ್ನೂ ಬಲ್ಲವರು. ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಅದರ ಮೊದಲ ವರ್ಷಗಳಲ್ಲಿ ಅವರು ಹಣದ ನೆರವು ನೀಡಿದ್ದರು. 1950ರಲ್ಲಿ ರಿಚರ್ಡ್ ಸ್ಟ್ರೌಸ್ ಅವರ 'ನಾಲ್ಕು ಕೊನೆಯ ಗೀತೆಗಳು' ಮೊದಲ ಬಾರಿಗೆ ಲಂಡನ್ನಿನಲ್ಲಿ ಕೇಳಿಬಂದದ್ದು ಅವರ ಬೆಂಬಲದಿಂದಲೇ. ಅಂದು ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಎರಡು ವರ್ಷದ ನಂತರ, 1952ರಲ್ಲಿ, ಅದೇ ವಾದ್ಯವೃಂದ ಮತ್ತು ಅದೇ ಫುರ್ಟ್‌ವೆಂಗ್ಲರ್ ಜೊತೆ ಫಿಷರ್-ಡೀಸ್ಕೌ ಮಾಹ್ಲರ್ ಅವರ ಗೀತೆಗಳನ್ನು ಧ್ವನಿಮುದ್ರಿಸಿದರು. ಮೈಸೂರು ಹಾಕಿದ ನೀರು ಎಲ್ಲೋ ದೂರದ ಗಿಡವನ್ನು ಹಸಿರಾಗಿಟ್ಟಿತ್ತು.

ಶತ್ರುವಿನ ಊರಿನಲ್ಲಿ

1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಕೊವೆಂಟ್ರಿ ನಗರವನ್ನು ಸುಟ್ಟವು. ಅಲ್ಲಿನ ಪುರಾತನ ಪ್ರಧಾನ ದೇವಾಲಯವೂ ಉರಿದುಹೋಯಿತು. ಪಾಳುಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು ಪಕ್ಕದಲ್ಲಿ ಹೊಸ ದೇವಾಲಯ ಕಟ್ಟಿದರು. ಅದರ ಪ್ರತಿಷ್ಠೆಯ ಉತ್ಸವಕ್ಕಾಗಿ ಬೆಂಜಮಿನ್ ಬ್ರಿಟನ್ 'ವಾರ್ ರೆಕ್ವಿಯಂ' ರಚಿಸಿದರು. ಮೃತರ ಬಲಿಪೂಜೆಯ ಲತೀನ್ ಪ್ರಾರ್ಥನೆಗಳ ನಡುವೆ, 1918ರಲ್ಲಿ ಯುದ್ಧ ಮುಗಿಯಲು ಒಂದು ವಾರವಿರುವಾಗ ಮಡಿದ ವಿಲ್‌ಫ್ರೆಡ್ ಓವೆನ್ ಎಂಬ ಸೈನಿಕ ಕವಿಯ ಪದ್ಯಗಳನ್ನು ಹೆಣೆದರು. ಹಾಡಲು ಬ್ರಿಟನ್ ಬಯಸಿದ್ದು ಯುದ್ಧದಲ್ಲಿ ನೊಂದ ಮೂರು ದೇಶಗಳವರನ್ನು: ಇಂಗ್ಲೆಂಡಿನ ಪೀಟರ್ ಪಿಯರ್ಸ್, ರಷ್ಯಾದ ಗಲಿನಾ ವಿಷ್ನೆವ್‌ಸ್ಕಾಯಾ, ಜರ್ಮನಿಯ ಫಿಷರ್-ಡೀಸ್ಕೌ. ಸೋವಿಯತ್ ಸರ್ಕಾರ ಅನುಮತಿ ಕೊಡದ ಕಾರಣ ವಿಷ್ನೆವ್‌ಸ್ಕಾಯಾ ಬರಲಿಲ್ಲ. ಹೆದರ್ ಹಾರ್ಪರ್ ಅವರ ಬದಲಿಗೆ ಹಾಡಿದರು.

1962ರ ಮೇ 30. ಕಡೆಯ ಭಾಗದಲ್ಲಿ ಇಬ್ಬರು ಸೈನಿಕರು ಸಾವಿನಾಚೆ ಭೇಟಿಯಾಗುತ್ತಾರೆ. ಒಬ್ಬ ಕೊಂದವನು, ಇನ್ನೊಬ್ಬ ಅವನ ಕೈಯಿಂದಲೇ ಸತ್ತವನು. ಸತ್ತವನ ಮಾತು ಬ್ಯಾರಿಟೋನಿಗೆ. ದ್ವೇಷವಿಲ್ಲದೆ, ಗೆಳೆಯನೆಂದು ಕರೆದು ಮಾತಾಡುವ ಆ ಪಾತ್ರವನ್ನು, ಒಮ್ಮೆ ಶತ್ರು ಸೈನ್ಯದಲ್ಲಿದ್ದ ಜರ್ಮನ್ನರೊಬ್ಬರು ಜರ್ಮನರು ಸುಟ್ಟ ಊರಿನಲ್ಲಿ ನಿಂತು ಹಾಡಿದರು. ಹಾಡು ಮುಗಿದಾಗ ಅವರು ಕಣ್ಣೀರಿನಲ್ಲಿ ಮುಳುಗಿದ್ದರು. ಜಾಗಬಿಟ್ಟು ಏಳಿಸಲು ಪಿಯರ್ಸ್ ಕಷ್ಟಪಡಬೇಕಾಯಿತು. ಯುದ್ಧದಲ್ಲಿ ಕಳೆದುಕೊಂಡ ಗೆಳೆಯರ ನೆನಪು ಅವರನ್ನು ಕಾಡಿತ್ತು. ಕ್ಷಮೆಯ ಬಗ್ಗೆ ನಾವು ಅನೇಕ ಪ್ರಬೋಧನೆ ಕೇಳುತ್ತೇವೆ. ಅಂದು ಅದನ್ನು ಎರಡು ದೇಶದ ಜನ ಒಂದೇ ಸೂರಿನಡಿ ಕೇಳಿದರು.

ಮಾತಿಗೆ ಮೊದಲ ಮರ್ಯಾದೆ

ಮರುವರ್ಷವೇ, 1963ರಲ್ಲಿ, ಮೂರನೆಯ ಮಗನ ಹೆರಿಗೆಯಲ್ಲಿ ಪತ್ನಿ ಇರ್ಮ್‌ಗಾರ್ಡ್ ತೀರಿಕೊಂಡರು. ಆ ದುಃಖವನ್ನು ಹೊತ್ತೇ ಅವರು ಇನ್ನೂ ಮೂರು ದಶಕ ಹಾಡಿದರು. ಅವರಿಗೆ ಟೀಕಾಕಾರರಿರಲಿಲ್ಲವೆಂದಲ್ಲ. ವರ್ದಿಯ ಕೆಲವು ಪಾತ್ರಗಳಿಗೆ ದನಿಯ ಭಾರ ಸಾಲದು ಎಂದವರುಂಟು. ಒಂದೊಂದು ಪದವನ್ನೂ ಅತಿಯಾಗಿ ಒತ್ತಿ ಹಾಡುತ್ತಾರೆ ಎಂದವರೂ ಉಂಟು. ಆದರೆ ಪದದ ಅರ್ಥ ಕೇಳುವವರ ಎದೆ ಮುಟ್ಟಬೇಕೆಂಬುದು ಅವರ ಹಟ. 1978ರಲ್ಲಿ ರೈಮಾನ್ ಅವರ 'ಲಿಯರ್' ಎಂಬ ಹೊಚ್ಚಹೊಸ, ಕಠಿಣವಾದ ಒಪೆರಾದಲ್ಲಿ ಮುದಿ ರಾಜನಾದರು. 1992ರ ಕೊನೆಯ ದಿನ ಹಾಡುವುದನ್ನು ನಿಲ್ಲಿಸಿ, ನಂತರ ಕಲಿಸುವುದು, ವಾದ್ಯವೃಂದ ನಡೆಸುವುದು, ಬರೆಯುವುದು, ಚಿತ್ರ ಬಿಡಿಸುವುದರಲ್ಲಿ ತೊಡಗಿದರು. 2012ರ ಮೇ 18ರಂದು, 86ರ ವಯಸ್ಸಿನಲ್ಲಿ ನಿಧನರಾದರು.

ನಮ್ಮ ದೇವಾಲಯಗಳಲ್ಲಿ ಕೀಬೋರ್ಡಿನ ಅಬ್ಬರದಲ್ಲಿ ಹಾಡಿನ ಮಾತೇ ಕೇಳದ ಭಾನುವಾರಗಳು ಎಷ್ಟಿಲ್ಲ! ಇವರಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದೇ. ಎರಡನೆಯದು ತಂದೆತಾಯಂದಿರಿಗೆ. ಹುಡುಗನ ದನಿ ಒಡೆಯುವುದು ಕೆಡುವುದಲ್ಲ, ಬಲಿಯುವುದು. ಗಂಟಲಿನ ತಂತುಗಳು ಬೆಳೆದು ಉದ್ದವಾಗುವಾಗ ದನಿ ಕೆಲವು ತಿಂಗಳು ಹಿಡಿತಕ್ಕೆ ಸಿಗುವುದಿಲ್ಲ. ಆಗ ಗದರಿಸದೆ, ನಗದೆ, ಎತ್ತರದ ಶ್ರುತಿಗೆ ಎಳೆಯದೆ ಕಾಯೋಣ. ದನಿ ನೆಲೆಗೊಂಡ ಮೇಲೆ ಅವನನ್ನು ನಾವೇ ಕರೆಯೋಣ. ಬರುವ ಶುಭ ಶುಕ್ರವಾರ ಪಾಡುಗಳ ಪುಸ್ತಕವನ್ನು ಅವನ ಕೈಗಿಟ್ಟು, ಕ್ರಿಸ್ತರ ಮಾತನ್ನು ಅವನಿಗೇ ಕೊಡೋಣ. ಹಿಂದಿನ ಬಾಗಿಲ ಬಳಿ ನಿಂತವನು ಮುಂದೆ ಬರಲು ಅಷ್ಟು ಸಾಕು.