ಒಂದು ಲ್ಯಾಪ್‌ಟಾಪ್, ಎಷ್ಟು ಪರದೆ?

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಬಾ ಗ್ರಾಮದ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇದೆ. ಗುರುಮಾತೆಯವರು ಅದರಲ್ಲಿ ಹೃದಯದ ಚಿತ್ರ ತೋರಿಸುತ್ತಿದ್ದಾರೆ. ಮುಂದಿನ ಸಾಲಿನವರಿಗೆ ಎಲ್ಲವೂ ಸ್ಪಷ್ಟ. ಹಿಂದಿನ ಸಾಲಿನವರಿಗೆ ಹೃತ್ಕರ್ಣ ಯಾವುದು, ಹೃತ್ಕುಕ್ಷಿ ಯಾವುದು ಎಂದು ಓದಲಾಗುತ್ತಿಲ್ಲ.

ಇದು ಅವರ ಕಣ್ಣಿನ ದೋಷವೇ? ಅಲ್ಲ. ಕಣ್ಣು ಚೆನ್ನಾಗಿರುವವರೂ 6 ಮೀಟರ್ ದೂರದಿಂದ ಒಂದು ಅಕ್ಷರವನ್ನು ಗುರುತಿಸಬೇಕಾದರೆ ಅದು ಸುಮಾರು 9 ಮಿಲಿಮೀಟರ್ ಎತ್ತರವಾದರೂ ಇರಬೇಕು. ಲ್ಯಾಪ್‌ಟಾಪಿನಲ್ಲಿ ನಾವು ಓದುವ ಅಕ್ಷರಗಳು ಸಾಮಾನ್ಯವಾಗಿ ಅದರ ಅರ್ಧದಷ್ಟೂ ಇರುವುದಿಲ್ಲ. ನಮ್ಮ ಕನ್ನಡದ ಒತ್ತಕ್ಷರಗಳಂತೂ ಇನ್ನೂ ಚಿಕ್ಕವು! ದೂರ ಅರ್ಧವಾದರೆ ಅರ್ಧ ಎತ್ತರದ ಅಕ್ಷರವೇ ಸಾಕು. ಆದ್ದರಿಂದ ಶಾಲೆಯಲ್ಲಿ ಎರಡು ಮಾನಿಟರುಗಳಿದ್ದರೆ ಅವನ್ನು ಅದೇ ಲ್ಯಾಪ್‌ಟಾಪಿಗೆ ಜೋಡಿಸಿ ಹಿಂದಿನ ಸಾಲಿನ ಹತ್ತಿರ ಇಡುವುದು ಒಳ್ಳೆಯ ಉಪಾಯ.

ಜೋಡಿಸುವುದರಲ್ಲಿ ಎರಡು ಬಗೆ. ಎಲ್ಲ ಪರದೆಗಳಲ್ಲೂ ಒಂದೇ ಚಿತ್ರ ಮೂಡಿದರೆ ಅದು ನಕಲು. ಒಂದೊಂದು ಪರದೆಯಲ್ಲಿ ಬೇರೆ ಬೇರೆ ಚಿತ್ರ ಬಂದರೆ ಅದು ವಿಸ್ತರಣೆ. ರಸಪ್ರಶ್ನೆ ನಡೆಸುವಾಗ ಪ್ರಶ್ನೆ ಮಾತ್ರ ಮಕ್ಕಳಿಗೆ ಕಾಣಬೇಕು, ಉತ್ತರ ಗುರುಮಾತೆಯವರ ಪರದೆಯಲ್ಲಷ್ಟೇ ಇರಬೇಕು. ಆಗ ನಕಲು ಉಪಯೋಗವಿಲ್ಲ, ವಿಸ್ತರಣೆಯೇ ಬೇಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದಾಗ ಬೆಂಗಳೂರಿನ ಇಸ್ರೋ ನಿಯಂತ್ರಣ ಕೊಠಡಿಯ ಸಾಲು ಸಾಲು ಪರದೆಗಳನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು. ಎಲ್ಲದರಲ್ಲೂ ಒಂದೇ ಚಿತ್ರವಿದ್ದರೆ ಅಷ್ಟು ಪರದೆಗಳೇಕೆ ಬೇಕಿತ್ತು?

ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ‘ಪಿ’ ಅಕ್ಷರ ಒತ್ತಿದರೆ ಈ ಎರಡೂ ಆಯ್ಕೆಗಳು ಕಾಣುತ್ತವೆ. ಕೆಲಸ ಇಷ್ಟು ಸುಲಭ. ಆದರೂ ಎಷ್ಟೋ ಸಲ ಮೊದಲ ಮಾನಿಟರ್ ಬೆಳಗುತ್ತದೆ, ಎರಡನೆಯದು ಕಪ್ಪಾಗಿಯೇ ಉಳಿಯುತ್ತದೆ. “ಮಾನಿಟರ್ ಕೆಟ್ಟಿದೆ” ಎಂದು ಅದನ್ನು ಮೂಲೆಗೆ ಸರಿಸುತ್ತಾರೆ. ಪಾಪ, ಅದರ ತಪ್ಪು ಇಲ್ಲದಿರಬಹುದು!

ಕಾರಣ ತಿಳಿಯಲು ಒಂದು ಲೆಕ್ಕ ಮಾಡೋಣ. ಪರದೆಯ ಚಿತ್ರ ರಂಗೋಲಿಯ ಚುಕ್ಕಿಗಳಂತೆ ಸಣ್ಣ ಸಣ್ಣ ಬಿಂದುಗಳಿಂದಾಗಿದೆ. ಈಗಿನ ಬಹಳಷ್ಟು ಮಾನಿಟರುಗಳಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಗುಣಿಸಿ: 20,73,600. ಒಂದೊಂದು ಬಿಂದುವಿಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಲ್ಯಾಪ್‌ಟಾಪ್ ತಿಳಿಸಬೇಕು. ಒಮ್ಮೆ ತಿಳಿಸಿದರೆ ಮುಗಿಯಲಿಲ್ಲ, ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಹೊಸದಾಗಿ ಕಳಿಸಬೇಕು. ಅಂದರೆ ಸೆಕೆಂಡಿಗೆ 12,44,16,000 ಬಿಂದುಗಳು! ಇದು ಒಂದೇ ಪರದೆಯ ಲೆಕ್ಕ. ಅಂಥವು ಮೂರಾದರೆ 37 ಕೋಟಿಗೂ ಮೀರುತ್ತದೆ.

ಈ ಬಿಂದುಗಳನ್ನು ಸಾಲಾಗಿ ಪರದೆಗೆ ಕಳಿಸುವ ವಿಭಾಗಗಳು ಲ್ಯಾಪ್‌ಟಾಪಿನ ಚಿಪ್ಪಿನೊಳಗೆ ಇರುತ್ತವೆ. ಬೇರೆ ಬೇರೆ ಚಿತ್ರ ಬೇಕಾದರೆ ಒಂದೊಂದು ಪರದೆಗೂ ಒಂದೊಂದು ವಿಭಾಗ ಬೇಕು. ಅವುಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಹಿಟ್ಟು ಎಷ್ಟೇ ಇರಲಿ, ಒಲೆಯ ಮೇಲೆ ಎರಡೇ ಹಂಚುಗಳಿದ್ದರೆ ಒಮ್ಮೆಗೆ ಬೇಯುವುದು ಎರಡೇ ಜೋಳದ ರೊಟ್ಟಿ, ಅಲ್ಲವೇ? 2012ಕ್ಕಿಂತ ಹಿಂದಿನ ಇಂಟೆಲ್ ಚಿಪ್ಪುಗಳ ಒಳಗಿನ ಚಿತ್ರ ವಿಭಾಗ ಎರಡು ಪರದೆಗಳನ್ನಷ್ಟೇ ನಡೆಸುತ್ತಿತ್ತು. 2012ರಲ್ಲಿ ಮೂರು ಪರದೆ ನಡೆಸುವವು ಬಂದವು. ಆಪಲ್ ಕಂಪನಿಯು 2020ರಲ್ಲಿ ತಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಹಳ ವೇಗದ್ದು. ಆದರೂ ಹೊರಗಿನ ಒಂದೇ ಮಾನಿಟರಿಗೆ ಅದರ ಮಿತಿ!

ಇಲ್ಲಿ ಮರೆಯುವ ಸಂಗತಿಯೊಂದಿದೆ. ಲ್ಯಾಪ್‌ಟಾಪಿನ ಸ್ವಂತ ಪರದೆಯೂ ಲೆಕ್ಕದಲ್ಲಿ ಸೇರುತ್ತದೆ. ಎರಡು ಪರದೆಯ ಮಿತಿಯಿರುವ ಹಳೆಯ ಯಂತ್ರದಲ್ಲಿ ಸ್ವಂತ ಪರದೆಯನ್ನು ಆರಿಸಿದರೆ ಕೆಲವೊಮ್ಮೆ ಕಪ್ಪಾಗಿದ್ದ ಮಾನಿಟರ್ ತಟ್ಟನೆ ಬೆಳಗುತ್ತದೆ.

ಅಂಗಡಿಯಲ್ಲಿ ಒಂದು ಕೇಬಲ್ಲನ್ನು ಎರಡಾಗಿ ಕವಲೊಡೆಸುವ ಚಿಕ್ಕ ಪೆಟ್ಟಿಗೆ ಸಿಗುತ್ತದೆ. ಅದರಿಂದ ವಿಸ್ತರಣೆ ಆಗುವುದಿಲ್ಲ. ಬಂದ ಒಂದೇ ಚಿತ್ರವನ್ನು ಅದು ಎರಡು ಕಡೆ ಹಂಚುತ್ತದೆ, ಅಷ್ಟೇ. ಹೃದಯದ ಚಿತ್ರಕ್ಕೆ ಅದು ಸಾಕು, ರಸಪ್ರಶ್ನೆಗೆ ಸಾಲದು. ಯುಎಸ್‌ಬಿ ಮೂಲಕ ಚಿತ್ರ ಕಳಿಸುವ ಬೇರೊಂದು ಸಾಧನವೂ ಇದೆ. ಅದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಾಗುತ್ತದೆ. ಲ್ಯಾಪ್‌ಟಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಸಾಧನ ಅದನ್ನು ಹಿಗ್ಗಿಸಿ ಮಾನಿಟರಿಗೆ ಕೊಡುತ್ತದೆ. ಹೀಗೆ ಮಿತಿ ದಾಟಬಹುದು, ಆದರೆ ವೀಡಿಯೊ ತಡವರಿಸಬಹುದು.

ಕಿಂಡಿಗಳ ವಿಚಾರವೂ ಮುಖ್ಯ. 15 ಸೂಜಿಗಳ ನೀಲಿ ವಿಜಿಎ ಜೋಡಣೆ 1987ರಷ್ಟು ಹಳೆಯದು. ಅದರಲ್ಲಿ ಬಣ್ಣವು ವಿದ್ಯುತ್ತಿನ ಏರಿಳಿತವಾಗಿ ಹರಿಯುತ್ತದೆ. ಹೊಸ ಎಚ್‌ಡಿಎಂಐಯಲ್ಲಿ ಹರಿಯುವುದು ಅಂಕಿಗಳು. ಆದ್ದರಿಂದ ಹೊಸ ಲ್ಯಾಪ್‌ಟಾಪಿಗೆ ಹಳೆಯ ಮಾನಿಟರ್ ಸೇರಿಸಲು ಬರೀ ತಂತಿ ಸಾಲದು, ಅಂಕಿಯನ್ನು ಏರಿಳಿತವಾಗಿ ಬದಲಿಸುವ ಪರಿವರ್ತಕ ಬೇಕು. ಚಪ್ಪಟೆಯಾದ ಯುಎಸ್‌ಬಿ-ಸಿ ಕಿಂಡಿಗಳೆಲ್ಲ ನೋಡಲು ಒಂದೇ ತರಹ. ಆದರೆ ಎಲ್ಲವೂ ಚಿತ್ರ ಕಳಿಸುವುದಿಲ್ಲ. ಕೊಳ್ಳುವ ಮೊದಲು ಕೈಪಿಡಿ ಓದುವುದು ಜಾಣತನ.

ವಿಸ್ತರಣೆ ಮಾಡಿದ ಮೇಲೆ ಮೌಸ್‌ನ ಬಾಣ ಪರದೆಯ ಅಂಚು ದಾಟಿ ಪಕ್ಕದ ಪರದೆಗೆ ಹೋಗುತ್ತದೆ. ಮಾನಿಟರ್ ಎಡಗಡೆ ಇದ್ದರೂ ಬಾಣ ಬಲಗಡೆಯಿಂದಲೇ ಹೊರಟರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ 1, 2, 3 ಎಂದು ಬರೆದ ಚೌಕಗಳಿರುತ್ತವೆ. ಮಾನಿಟರುಗಳು ಕೊಠಡಿಯಲ್ಲಿ ಇರುವ ಕ್ರಮದಲ್ಲೇ ಅವನ್ನು ಎಳೆದು ಇಡಿ.

ಲೆಕ್ಕ ಮಾಡಿ: ಹಳೆಯ ಮಾನಿಟರೊಂದರಲ್ಲಿ ಅಡ್ಡಕ್ಕೆ 1024, ಉದ್ದಕ್ಕೆ 768 ಬಿಂದುಗಳಿವೆ. ಸೆಕೆಂಡಿಗೆ 60 ಸಲದಂತೆ ಎಷ್ಟು ಬಿಂದುಗಳನ್ನು ಕಳಿಸಬೇಕು?

(ಉತ್ತರ: 4,71,85,920)